ಮಡುವಿನ ನಕ್ಷೆ

ಬಾಯಲ್ಲಿ ಹೇಳುವುದಿಲ್ಲ, ಬೆರಳಲ್ಲಿ ತೋರಿಸುವುದಿಲ್ಲ ಎಂದು ನನ್ನ ತಮ್ಮ ಜೈಲಾನಿ ಅಬಾಗೆ ಮಾತು ಕೊಟ್ಟಾಗ ಅವನಿಗೆ ಒಂಬತ್ತು ವರ್ಷ, ನನಗೆ ಹದಿಮೂರು. ಅಬಾ ಅಂದರೆ ನಮ್ಮಪ್ಪ. ಅಕ್ಕ ತಮ್ಮ ಇಬ್ಬರೂ ಮೊಣಕಾಲುದ್ದ ಕೆಸರಿನಲ್ಲಿ ನಿಂತಿದ್ದೆವು. ದೋಣಿಯೊಳಗೆ ಬಾಳೆ ಎಲೆಯ ಕೆಳಗೆ ಎರಡು ಪಾತಿನ್ ಮೀನು ಮಲಗಿದ್ದವು, ಅವನದೊಂದು, ನನ್ನದೊಂದು. ಲಾನಿ ಮೊದಲ ಸಲ ನಗುತ್ತಾ ಹೇಳಿದ. ಅಬಾ ಅವನ ಗಲ್ಲ ಹಿಡಿದು ಇನ್ನೊಂದು ಸಲ ಹೇಳಿಸಿದರು. ಎರಡನೆಯ ಸಲ ಅವನು ನಗಲಿಲ್ಲ. ಆಮೇಲೆ ನಾನು ಹೇಳಿದೆ. ನನ್ನ ಹತ್ತಿರ ಒಂದೇ ಸಲ ಹೇಳಿಸಿದರು.

ಆ ಮಡು ಇರುವುದು ಪಹಾಂಗ್ ನದಿಯ ಒಂದು ತಿರುವಿನಲ್ಲಿ. ಯಾವ ತಿರುವು ಎಂದು ಇಲ್ಲಿಯೂ ಬರೆಯುವುದಿಲ್ಲ. ದಡದಲ್ಲಿ ನೀರಿನ ಕಡೆ ವಾಲಿದ ಒಂದು ಅತ್ತಿ ಮರ ಇತ್ತು. ಅದರ ಬೇರಿನ ಮೇಲೆ ನಿಂತು, ಎದುರು ದಡದ ಬಿಳಿ ಮಣ್ಣಿನ ಕುಸಿತಕ್ಕೆ ಮುಖ ಮಾಡಿ, ದೂರದ ಮಸೀದಿಯ ಗುಮ್ಮಟ ಎಡ ಹೆಗಲಿನ ನೇರಕ್ಕೆ ಬರುವಂತೆ ಹೊಂದಿಸಿಕೊಂಡು ಎಸೆದರೆ ಗಾಳ ಮಡುವಿನ ಬಾಯಿಗೇ ಬೀಳುತ್ತಿತ್ತು. ಉದುರಿದ ಅತ್ತಿ ಹಣ್ಣು ತಿನ್ನಲು ಪಾತಿನ್ ಬರುತ್ತಿದ್ದವು. ನದಿ ಸೊರಗುವ ತಿಂಗಳುಗಳಲ್ಲಂತೂ ಮೊಟ್ಟೆ ಹೊರಲಿರುವ ತಾಯಿ ಮೀನುಗಳೆಲ್ಲ ಆ ಆಳಕ್ಕೆ ಇಳಿದು, ಪ್ರವಾಹದ ಮೊದಲ ನೀರು ಏರುವ ತನಕ ಒಟ್ಟಿಗೆ ಕಾಯುತ್ತವೆ. ಸುತ್ತ ಎಲ್ಲೂ ಅಷ್ಟು ಆಳವಿಲ್ಲ. ಅದಕ್ಕೇ ಅಬಾರ ಕಟ್ಟಳೆ: ತಲೆಗೊಂದು, ವರ್ಷಕ್ಕೊಂದು, ಹೊಟ್ಟೆ ಊದಿದ್ದನ್ನು ಮುಟ್ಟುವಂತಿಲ್ಲ. ಅಲ್ಲಿಯ ತಾಯಂದಿರನ್ನು ಒಂದು ವರ್ಷ ಬರಿದು ಮಾಡಿದರೆ ಆಮೇಲೆ ನಮ್ಮ ತಿರುವಿನಲ್ಲಿ ಕಾಡು ಪಾತಿನ್ ಎಂಬುದು ಇರುವುದಿಲ್ಲ, ಪಂಜರದಲ್ಲಿ ಕೊಬ್ಬಿಸಿದ್ದನ್ನೇ ತಿನ್ನಬೇಕು ಎನ್ನುತ್ತಿದ್ದರು.

ಅಬಾ ಆಳ ನೋಡುತ್ತಿದ್ದುದು ಸೀಸದ ಗುಂಡಿನಿಂದ. ಪೇರಲೆಕಾಯಿಯಷ್ಟು ದಪ್ಪದ ಗುಂಡು, ಅದಕ್ಕೆ ಮಾರಿಗೊಂದು ಗಂಟು ಹಾಕಿದ ದಾರ. ಎಸೆದು, ಗಂಟುಗಳು ಬೆರಳ ಸಂದಿಯಲ್ಲಿ ಓಡುವುದನ್ನು ಎಣಿಸಬೇಕು. ತಳ ಕೆಸರಾದರೆ ದಾರ ಮೆತ್ತಗೆ ನಿಲ್ಲುತ್ತದೆ, ಮರಳಾದರೆ ಎಳೆಯುವಾಗ ಕರಕರ ಎನ್ನುತ್ತದೆ, ಬಂಡೆಯಾದರೆ ಅಂಗೈಗೇ ತಟ್ಟುತ್ತದೆ. ಲಾನಿಗೆ ಇದು ಕೊನೆಯವರೆಗೂ ಕೈಗೆ ಹತ್ತಲಿಲ್ಲ. ಅವನು ಗಂಟು ಎಣಿಸುವಷ್ಟರಲ್ಲಿ ಅವನ ಮನಸ್ಸು ಎದುರು ದಡಕ್ಕೆ ಹೋಗಿರುತ್ತಿತ್ತು. ಅಬಾಗೆ ಲಕ್ವ ಹೊಡೆದು ಎಡಗೈ, ಎಡಗಾಲು ಬಿದ್ದುಹೋದ ವರ್ಷ ಅವರು ಹಾಸಿಗೆಯ ಕೆಳಗಿನಿಂದ ಆ ಗುಂಡು ತೆಗೆಸಿ ನನ್ನ ಕೈಯಲ್ಲಿಟ್ಟರು. ಲಾನಿ ಬಾಗಿಲ ಬಳಿ ನಿಂತಿದ್ದ. ಒಳ್ಳೆಯದಾಯಿತು, ನನಗೆ ಲಾರಿ ಓಡಿಸುವುದೇ ಸಾಕು ಅಂದುಕೊಂಡಿರಬೇಕು ಎಂದು ನಾನು ಭಾವಿಸಿದೆ. ಮೂರು ಮಕ್ಕಳು, ತೆಮೆರ್ಲೋದ ನದಿ ದಂಡೆಯಲ್ಲಿ ಒಂದು ಅನ್ನದಂಗಡಿ, ಮನೆಯಲ್ಲಿ ಅಬಾ. ಬೇರೆಯವರ ಮುಖ ಓದುತ್ತಾ ಕೂರುವಷ್ಟು ಬಿಡುವು ನನಗಿರಲಿಲ್ಲ.

ಮೂರು ವರ್ಷದ ಹಿಂದಿನ ದೊಡ್ಡ ಪ್ರವಾಹ ಅತ್ತಿ ಮರವನ್ನು ಬೇರು ಸಹಿತ ಹೊತ್ತುಕೊಂಡು ಹೋಯಿತು. ಬಿಳಿ ಕುಸಿತದ ಮೇಲೆ ಹೊಸ ಮಣ್ಣು ಜಾರಿ ಕೂತಿತು. ಮರಳು ಎಲ್ಲಿಂದೆಲ್ಲಿಗೋ ಸರಿಯಿತು. ನೀರಿಳಿದ ಮೇಲೆ ನಾನು ಎರಡು ತಿಂಗಳು, ಅಂಗಡಿ ಮುಚ್ಚುವ ಸೋಮವಾರಗಳಂದು, ಸೀಸ ಎಸೆದೆಸೆದು ಹುಡುಕಿದೆ. ಎಲ್ಲಿ ಎಸೆದರೂ ಒಂದೂವರೆ ಮಾರು, ಎರಡು ಮಾರು. ಮನೆಗೆ ಬಂದರೆ ಅಬಾ ಜಗಲಿಯಲ್ಲಿ ಕಾಯುತ್ತಾ ಕೂತಿರುತ್ತಿದ್ದರು. ಸಿಕ್ಕಿತಾ ಎಂದು ಕೇಳುತ್ತಿರಲಿಲ್ಲ. ನನ್ನ ಕಾಲಿನ ಕೆಸರು ನೋಡುತ್ತಿದ್ದರು, ಅಷ್ಟೆ.

ಆಗ ಲಾನಿ ಚೆಂಡು ತಂದ. ಇಬ್ಬರೂ ಸೇರಿಯೇ ಕೊಂಡದ್ದು. ಮುಷ್ಟಿಗಿಂತ ತುಸು ದೊಡ್ಡದು, ಕಪ್ಪು ಬಿಳುಪು. ಗಟ್ಟಿ ಹೆಣೆದ ದಾರಕ್ಕೆ ಕಟ್ಟಿ, ದಪ್ಪನೆಯ ಗಾಳದ ಕೋಲಿನಿಂದ ಎಸೆಯಬೇಕು. ತೆಳು ದಾರಕ್ಕೆ ಕಟ್ಟಿದರೆ ಅದರ ಭಾರಕ್ಕೇ ತುಂಡಾಗುತ್ತದೆ. ನೀರು ತಾಗಿದ್ದೇ ಅದು ಎಚ್ಚರಗೊಂಡು, ಸದ್ದನ್ನು ಕೆಳಗೆ ಬಿಟ್ಟು, ಅದು ಮರಳಿ ಬಂದದ್ದನ್ನು ನಮ್ಮ ಫೋನಿಗೆ ಕಳಿಸುತ್ತದೆ. ನಿಧಾನವಾಗಿ ಸುತ್ತಿಕೊಳ್ಳುತ್ತಾ ಬಂದರೆ ತಳ ಎಲ್ಲಿ ಏರಿದೆ, ಎಲ್ಲಿ ಇಳಿದಿದೆ ಎಂಬುದು ಪರದೆಯ ಮೇಲೆ ದಪ್ಪ ಕಂದು ಗೆರೆಯಾಗಿ ಹರಿಯುತ್ತದೆ. ಮೀನಿದ್ದಲ್ಲಿ ಕಮಾನು ಮೂಡುತ್ತದೆ, ಉಗುರು ಕತ್ತರಿಸಿ ಚೆಲ್ಲಿದ ಹಾಗೆ. ಬಿಸಿಲಿಗೆ ಪರದೆ ಕಾಣದೆ ನಾನು ತಲೆವಸ್ತ್ರದ ಸೆರಗನ್ನು ಫೋನಿನ ಮೇಲೆ ಎಳೆದುಕೊಂಡು, ಅದರ ಕತ್ತಲೊಳಗೆ ಮುಖ ತೂರಿಸಿ ನೋಡುತ್ತಿದ್ದೆ. ನೀರಿನ ಮೇಲೆ ತೇಲುವಾಗ ಚೆಂಡು ಕಣ್ಣಿಗೆ ಬೀಳುವುದಿಲ್ಲ ಎಂದು ಅದರ ನೆತ್ತಿಗೆ ನನ್ನ ಮಗಳ ಕೆಂಪು ಉಗುರುಬಣ್ಣ ಬಳಿದೆ. ಬಳಿಯುವಾಗ ಒಂದು ಹನಿ ಪಕ್ಕಕ್ಕೆ ಇಳಿದು ಒಣಗಿತು.

ಚೆಂಡು ಬಂದ ಏಳನೆಯ ಸೋಮವಾರ, ಹಳೆಯ ಜಾಗಕ್ಕಿಂತ ನಲವತ್ತು ಹೆಜ್ಜೆ ಕೆಳಗೆ, ಕಂದು ಗೆರೆ ಎರಡು ಮೀಟರು, ಎರಡೂವರೆ, ಮೂರು ಎಂದು ಹೋಗುತ್ತಿದ್ದದ್ದು ಮೆಟ್ಟಿಲು ಜಾರಿದಂತೆ ಒಂದೇ ಸಲಕ್ಕೆ ಬಿತ್ತು. ಒಂಬತ್ತೂವರೆ. ತಳದಿಂದ ಒಂದು ಮೊಳ ಮೇಲೆ ಕಮಾನುಗಳು, ಒಂದರ ಬೆನ್ನಿಗೆ ಒಂದು. ಲಾನಿ ಕಿರುಚಲು ಬಾಯಿ ತೆರೆದ, ನಾನು ಕೈ ಅಡ್ಡ ಹಿಡಿದೆ. ಅವತ್ತು ಸಂಜೆ ಅಬಾಗೆ ಅಂಕಿ ಹೇಳಿದೆ. ಅವರು ಬಲಗೈಯನ್ನು ಪಕ್ಕಕ್ಕೆ ಚಾಚಿ, ಏಳದ ಎಡಗೈಯ ಕಡೆ ನೋಡಿ, ಮನಸ್ಸಿನಲ್ಲೇ ಅಳೆದು, "ಐದು ಮಾರು, ಮೇಲೊಂದು ಮೊಳ," ಅಂದರು. "ನನ್ನ ಕಾಲದಷ್ಟೇ ಇದೆ." ಚೆಂಡನ್ನು ಕೈಗೆ ತೆಗೆದುಕೊಂಡು, ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿದರು. ಇದಕ್ಕೆ ಮರೆವು ಇದೆಯೋ ಎಂದು ಕೇಳಿದರು.

ಇಲ್ಲ ಅಂದೆ. ನಿಜವೇ. ಚೆಂಡು ತಾನು ಕಂಡದ್ದನ್ನೆಲ್ಲ ಕೂಡಿಡುತ್ತದೆ. ಒಂದೊಂದು ಎಸೆತವೂ ನಕ್ಷೆಯ ಮೇಲೆ ಒಂದೊಂದು ಬಣ್ಣದ ಗೆರೆ. ಹತ್ತು ಹನ್ನೆರಡು ಸಲ ಎಸೆದರೆ ಗೆರೆಗಳು ಕೂಡಿಕೊಂಡು ಮಡುವಿನ ಆಕಾರ ಬರುತ್ತದೆ. ನಮ್ಮದು ಎಳೆಯ ಎಲೆಯಂತೆ ಕಾಣುತ್ತಿತ್ತು, ನಡುವೆ ಗಾಢ ನೀಲಿ, ಅಂಚಿಗೆ ಹಸಿರು. ಒಂದೇ ಖಾತೆ ಇಬ್ಬರ ಫೋನಿನಲ್ಲೂ ತೆರೆಯುತ್ತಿತ್ತು. ಅಬಾರ ಹಳೆಯ ದೋಣಿಯ ಹೆಸರೇ ಅದರ ಗುಟ್ಟಿನ ಪದ. ಅದನ್ನು ಬಲ್ಲವರು ಇಬ್ಬರೇ ತಾನೇ ಎಂದು ನಾನು ನೆಮ್ಮದಿಯಾಗಿದ್ದೆ.

ಈ ವರ್ಷ ನೀರು ಬೇಗ ಇಳಿಯಿತು. ನಾನು ಮೊದಲ ಸೋಮವಾರವೇ ಹೋಗಿ ಎಣಿಸಿ ಬಂದೆ. ಹತ್ತೊಂಬತ್ತು ತಾಯಂದಿರು. ಅಬಾ ಅವತ್ತು ಎರಡು ಸಲ ಅನ್ನ ಹಾಕಿಸಿಕೊಂಡರು. ಮುಂದಿನ ವಾರ ಚೆಂಡು ಲಾನಿಯ ಸರದಿ. ಅದರ ಮುಂದಿನ ವಾರ ಕೇಳಿದರೆ, ಚಾರ್ಜಿನ ಕಿಂಡಿಗೆ ನೀರು ಹೋಯಿತು, ರಿಪೇರಿಗೆ ಕೌಲಾಲಂಪುರಕ್ಕೆ ಕಳಿಸಿದ್ದೇನೆ ಅಂದ. ನಾನು ಹೂಂ ಅಂದೆ. ತಮ್ಮ ಹೇಳಿದ್ದನ್ನು ಯಾರು ತಿರುಗಿಸಿ ನೋಡುತ್ತಾರೆ?

ಒಂದು ಶನಿವಾರ ಮಧ್ಯಾಹ್ನ ಐದು ಜನ ಅಂಗಡಿಗೆ ಬಂದರು. ಒಂದೇ ಬಣ್ಣದ ಉದ್ದ ತೋಳಿನ ಅಂಗಿ, ಬೆನ್ನ ಮೇಲೆ ಬಾಯಿ ತೆರೆದ ಮೀನಿನ ಚಿತ್ರ. ಪಟ್ಟಣದ ಗಾಳದ ಸಂಘದವರು. ನಮ್ಮಲ್ಲಿ ಇದು ಹೊಸದಲ್ಲ. ಹಿಡಿದವರು ಮೀನು ತಂದು ಕೊಡುತ್ತಾರೆ, ನಾವು ಅಡುಗೆ ಮಾಡಿ ಬಡಿಸುತ್ತೇವೆ, ಅನ್ನಕ್ಕೂ ಮಸಾಲೆಗೂ ದುಡ್ಡು. ಮಂಜಿನ ಪೆಟ್ಟಿಗೆಯಿಂದ ಎರಡು ಪಾತಿನ್ ತೆಗೆದುಕೊಟ್ಟರು. ಕೈಗೆ ತೆಗೆದುಕೊಂಡ ಕೂಡಲೇ ಗೊತ್ತಾಯಿತು. ಪಂಜರದ ಪಾತಿನ್ ಕಪ್ಪಗೆ, ಜೋಲು ಹೊಟ್ಟೆಯದು, ಕೆಸರಿನ ವಾಸನೆ. ಇದು ಬೆಳ್ಳಿ. ಹೊಟ್ಟೆ ಮಾತ್ರ ಬಿಗಿದ ತಮಟೆಯ ಹಾಗೆ. ಸೀಳಿದೆ. ಹಳದಿ ರವೆಯಂತೆ ಮೊಟ್ಟೆ ಹಲಗೆಯ ತುಂಬಾ ಚೆಲ್ಲಿತು.

ಎಲ್ಲಿ ಸಿಕ್ಕಿತು ಎಂದು ಒಳಗಿನಿಂದಲೇ ಕೇಳಿದೆ.

ಅವರ ಮುಖಂಡ ಫೌಜಾನ್ ಎಂಬವನು, ದುಂಡು ಮುಖದ ನಗೆಗಾರ, ಅಕ್ಕ ಎನ್ನುವ ಸಲುಗೆಯಲ್ಲಿ, "ಕಾಕ್, ಬೇಕಾದ್ರೆ ಹೆಂಡ್ತಿ ವಯಸ್ಸು ಹೇಳ್ತೀನಿ, ಮಡು ಮಾತ್ರ ಹೇಳಲ್ಲ," ಅಂದ. ಉಳಿದವರು ನಕ್ಕರು. ಒಬ್ಬ, ಹೇಳಿದರೆ ನಮ್ಮ ಸೀಫು ನಮ್ಮನ್ನೇ ಗಾಳಕ್ಕೆ ಚುಚ್ಚುತ್ತಾರೆ ಎಂದು ಸೇರಿಸಿದ. ಸೀಫು ಎಂದರೆ ಗುರು. ಗಾಳದವರ ನಡುವೆ ಅದಕ್ಕಿಂತ ದೊಡ್ಡ ಬಿರುದಿಲ್ಲ. ಎರಡು ವಾರಾಂತ್ಯದಲ್ಲಿ ಹನ್ನೊಂದು ಬಿದ್ದಿವೆ, ಇಂಥ ಸೀಫು ಇಡೀ ಪಹಾಂಗ್‌ನಲ್ಲಿಲ್ಲ ಎಂದು ಮಾತಾಡಿಕೊಂಡರು.

ನಾನು ಸೂಜಿಮೆಣಸು, ಹಸಿ ಅರಿಶಿನ ಅರೆಯುತ್ತಿದ್ದೆ. ಫೌಜಾನ್ ಅಡುಗೆಮನೆಯ ಬಾಗಿಲಿಗೆ ಬಂದು, "ಕಾಕ್, ಊಟ ಆಗೋವರೆಗೆ ಇದನ್ನ ಸ್ವಲ್ಪ ಚಾರ್ಜಿಗೆ ಹಾಕ್ತೀರಾ," ಎಂದು ನನ್ನ ಒದ್ದೆ ಅಂಗೈಯಲ್ಲಿ ಚೆಂಡು ಇಟ್ಟ.

ನೆತ್ತಿ ಕೆಂಪಗಿತ್ತು. ಒಂದು ಹನಿ ಪಕ್ಕಕ್ಕೆ ಇಳಿದು ಒಣಗಿತ್ತು.

ರುಬ್ಬುಕಲ್ಲಿನ ಮೇಲಿನ ಗೋಡೆಗೆ ತಂತಿ ಚುಚ್ಚಿದೆ. ನೀರು ಹೋಗಿ ಕೆಟ್ಟಿದೆ ಎಂದ ಕಿಂಡಿಯ ಪಕ್ಕ ದೀಪ ಹತ್ತಿಕೊಂಡಿತು. ಅದರ ಬೆಳಕಿನಲ್ಲೇ ಹುಳಿಬಂದ ಡುರಿಯನ್ ಹಣ್ಣಿನ ತಿರುಳು ಕಲಸಿ, ಅರಿಶಿನದ ಎಲೆ ಹರಿದು ಹಾಕಿ, ಸಾರು ಕುದಿಸಿದೆ. ಉಪ್ಪು ಸರಿಯಾಗಿಯೇ ಹಾಕಿದೆ. ಬಡಿಸಿದೆ. ಚೆನ್ನಾಗಿದೆ ಕಾಕ್ ಅಂದರು, ಇನ್ನಷ್ಟು ಸಾರು ಕೇಳಿದರು, ಕೊಟ್ಟೆ. ಆಮೇಲೆ ಕೈ ಒರೆಸಿಕೊಂಡು, ಅಕ್ಕಿ ಮೂಟೆಗಳ ಹಿಂದೆ ನಿಂತು ಫೋನಿನಲ್ಲಿ ನಕ್ಷೆ ತೆಗೆದೆ.

ನಕ್ಷೆ ಬೆಳೆದಿತ್ತು. ನಾವು ಬಿಟ್ಟಾಗ ಎಳೆ ಎಲೆಯಂತಿದ್ದದ್ದು ಈಗ ಒಂದು ಸಂದೂ ಇಲ್ಲದೆ ತುಂಬಿಹೋಗಿತ್ತು. ನಮ್ಮ ದಡದಿಂದ ಎಸೆದ ಗೆರೆಗಳು, ಎದುರಿನ ಮರಳ ದಿಬ್ಬದಿಂದ ಎಸೆದ ಗೆರೆಗಳು, ಒಂದರ ಮೇಲೊಂದು. ಗೆರೆ ಮುಟ್ಟಿದರೆ ದಿನ ತೋರಿಸುತ್ತದೆ. ಹೆಂಡತಿಯ ಕಡೆಯ ಮದುವೆಗೆ ಕುವಾಂತಾನ್‌ಗೆ ಹೋಗುತ್ತೇನೆ, ಈ ವಾರ ಅಬಾ ಮನೆಯಲ್ಲೇ ನಮಾಜು ಮಾಡಲಿ ಎಂದಿದ್ದ ಶುಕ್ರವಾರ. ಲಾರಿಯ ಚಕ್ರ ಬದಲಿಸಬೇಕು ಎಂದಿದ್ದ ಶನಿವಾರ. ಗಾಢ ನೀಲಿಯ ಮೇಲೆ ಮೊಳೆ ಹೊಡೆದ ಹಾಗೆ ಗುರುತುಗಳು, ಪ್ರತಿ ಮೀನಿಗೆ ಒಂದು, ಹನ್ನೊಂದರವರೆಗೆ ಅಂಕಿ. ನನ್ನ ಫೋನಿನಲ್ಲೂ ಇದೆಲ್ಲ ಕಾಣುತ್ತದೆ ಎಂಬುದನ್ನು ಅವನು ಮರೆತಿದ್ದ. ಅಥವಾ ನನಗೆ ನೋಡಲು ಪುರುಸೊತ್ತಿರುವುದಿಲ್ಲ ಎಂದು ಚೆನ್ನಾಗಿ ನೆನಪಿತ್ತು.

ಏಳುವಾಗ ಫೌಜಾನ್, ಚಾರ್ಜ್ ಆಯಿತೇ ಎಂದು ಕೇಳಿದ. ಆಯಿತು ಎಂದು ಚೆಂಡು ಕೊಟ್ಟೆ. ಯಾಕೆ ಕೊಟ್ಟೆನೋ. ಇದು ನನ್ನದು ಎನ್ನಬೇಕಾದರೆ ಇದು ನನ್ನ ಮಡು ಎಂದೂ ಹೇಳಬೇಕಿತ್ತು. ಅವನು ಹೋಗುತ್ತಾ, "ನಾಳೆನೂ ಇದೀವಿ ಕಾಕ್. ಕೆಳಗೆ ಇನ್ನೂ ಎಂಟು ಕೂತಿದಾವೆ," ಅಂದ.

ಲಾನಿಗೆ ಫೋನು ಮಾಡಿದೆ. ಚೆಂಡು ಎಲ್ಲಿದೆ ಎಂದು ಕೇಳಿದೆ. ಕೌಲಾಲಂಪುರದಲ್ಲಿ ಅಂದ. ನನ್ನ ಅಡುಗೆಮನೆಯಲ್ಲಿ ಈಗ ತಾನೇ ಚಾರ್ಜ್ ಆಗಿ ಹೋಯಿತು ಅಂದೆ. ಅವನು ಲಾರಿಯ ಇಂಜಿನ್ ಆರಿಸಿದ. ಆಮೇಲೆ ಬಹಳ ಮೆತ್ತಗೆ ಮಾತಾಡಿದ. ಸುಮ್ಮನೆ ಕೊಟ್ಟಿದ್ದೆ, ಇಷ್ಟು ಹಿಡಿಯುತ್ತಾರೆ ಎಂದು ಗೊತ್ತಿರಲಿಲ್ಲ, ಬೆಳಿಗ್ಗೆಯೇ ಹೋಗಿ ಅವರನ್ನು ವಾಪಸ್ ಕಳಿಸುತ್ತೇನೆ, ಅಬಾಗೆ ಹೇಳಬೇಡ. ಮಕ್ಕಳ ಮೇಲೆ ಆಣೆ ಇಟ್ಟ. ಎಂಟು ಉಳಿದರೂ ಸಾಕು, ಎಂಟು ತಾಯಂದಿರಿಂದ ಮಡು ಮತ್ತೆ ತುಂಬುತ್ತದೆ ಎಂದು ನಾನು ಲೆಕ್ಕ ಹಾಕಿ ಸಮಾಧಾನ ಮಾಡಿಕೊಂಡೆ.

ಭಾನುವಾರ ನಮ್ಮಲ್ಲಿ ಸಂತೆ. ಅವತ್ತಿನ ವ್ಯಾಪಾರದಲ್ಲೇ ವಾರದ ಉಸಿರು. ಹತ್ತು ಗಂಟೆಗೆ ಜನ ಸಾಲು ನಿಂತಿದ್ದರು. ಅನ್ನ ಹಾಕುವ ಕೈ ಬಿಡುವಾದಾಗ ಫೋನು ನೋಡಿದೆ. ಹನ್ನೆರಡು. ಕಣ್ಣಿಗೆ ಬೆವರು ಹೋಗಿರಬೇಕು ಎಂದು ಒರೆಸಿಕೊಂಡೆ. ಇಬ್ಬರಿಗೆ ಬಡಿಸಿ ಮತ್ತೆ ನೋಡಿದೆ. ಹದಿಮೂರು. ನೀಲಿಯ ನಡುವೆ, ನನ್ನ ಕಣ್ಣೆದುರಿಗೇ, ಒಂದೊಂದೇ ಮೊಳೆ. ಲಾನಿ ಫೋನೆತ್ತಲಿಲ್ಲ. ಹದಿನಾಲ್ಕು ಮೂಡಿದಾಗ ನನ್ನ ಸೌಟು ತಟ್ಟೆಯ ಹೊರಗೆ ಬಿತ್ತು. ಎದುರು ನಿಂತಿದ್ದ ಹೆಂಗಸು, ಸಾರು ಮೇಜಿಗೂ ಬಡಿಸ್ತೀಯಾ ಎಂದು ಕೇಳಿದಳು. ಪಕ್ಕದ ಅಂಗಡಿಯವಳಿಗೆ ನೋಡಿಕೋ ಎಂದು ಹೇಳಿ ಬೈಕ್ ಹತ್ತಿದೆ.

ತಿರುವು ತಲುಪುವಷ್ಟರಲ್ಲಿ ಒಂದು ಗಂಟೆ. ಸಂಘದವರ ಕಾರು ಧೂಳೆಬ್ಬಿಸಿಕೊಂಡು ಎದುರಿಗೇ ಹೋಯಿತು. ಫೌಜಾನ್ ನನ್ನನ್ನು ಗುರುತು ಹಿಡಿದು ಕಿಟಕಿಯಿಂದ ಕೈ ಬೀಸಿದ. ದಡದಲ್ಲಿ ಹುಲ್ಲು ಮಲಗಿಹೋಗಿತ್ತು, ಕೋಲು ಊರಿದ ಎಂಟು ತೂತು, ಬಿಸ್ಕತ್ತಿನ ಕಾಗದ. ಅತ್ತಿ ಮರ ಇದ್ದ ಗುಂಡಿಯ ಅಂಚಿನಲ್ಲಿ ಲಾನಿ ನಿಂತಿದ್ದ. ಮೈಮೇಲೆ ಅವರದೇ ಅಂಗಿ. ಬೆನ್ನ ಮೇಲೆ ಮೀನು, ಅದರ ಕೆಳಗೆ ದಾರದಲ್ಲಿ ಹೊಲಿದ ಅಕ್ಷರ: ಸೀಫು ಲಾನಿ. ಹೊಚ್ಚ ಹೊಸದು, ಮಡಿಕೆ ಇನ್ನೂ ಬಿಚ್ಚಿರಲಿಲ್ಲ.

ನಾನು ಏನು ಕೇಳಬೇಕೆಂದು ಬಂದಿದ್ದೆನೋ ಅದೆಲ್ಲ ಆ ಅಂಗಿ ನೋಡಿ ಹೋಯಿತು. "ತೋರ್ಸಲ್ಲ ಅಂದಿದ್ದೆ ನೀನು," ಅಂದೆ.

"ನಾನು ತೋರ್ಸಿಲ್ಲ ಕಾಕ್ ಲೊಂಗ್," ಅಂದ. ಮನೆಯ ಹಿರಿಮಗಳಾದ್ದರಿಂದ ಅವನು ನನ್ನನ್ನು ಕರೆಯುವುದು ಹಾಗೆಯೇ. "ಅಬಾ ಏನ್ ಹೇಳಿಸಿದ್ರು? ಬಾಯಲ್ಲಿ ಹೇಳಲ್ಲ, ಬೆರಳಲ್ಲಿ ತೋರ್ಸಲ್ಲ. ನಾನು ಬಾಯಿ ಬಿಟ್ಟಿಲ್ಲ. ಕೈ ಎತ್ತಿಲ್ಲ. ಫೋನ್ ಕೊಟ್ಟೆ, ಚೆಂಡು ಕೊಟ್ಟೆ. ಅವರೇ ಬಂದ್ರು, ಅವರೇ ಎಸೆದ್ರು."

ಇದನ್ನು ಅವನು ಆಗ ಹೊಳೆದು ಹೇಳಿದ್ದಲ್ಲ. ಬಹಳ ದಿನ ನಾಲಿಗೆಯ ಕೆಳಗಿಟ್ಟುಕೊಂಡು ನಯ ಮಾಡಿದ ಮಾತು ಅದು.

"ದೋಣಿ ಹೆಸರೂ ಕೊಟ್ಟೆ," ಅಂದೆ.

ಅದಕ್ಕೆ ಅವನು ನೀರಿನ ಕಡೆ ತಿರುಗಿದ. "ಅಬಾ ಸೀಸ ಯಾರಿಗೆ ಕೊಟ್ರು? ನನಗೆ ನಲವತ್ತು ವರ್ಷ. ಲಾನಿಗೆ ಮೀನು ಹಿಡಿಯೋಕೆ ಬರುತ್ತೆ ಅಂತ ಈ ಊರಲ್ಲಿ ಒಬ್ಬ ಅಂದಿದಾನಾ? ನಿನ್ನ ಹೆಸರು ಹಿಡಿದು ಮಹಾನಿ ತಮ್ಮ ಅಂತಾರೆ. ಅವರು ಐದು ಜನ, ದೊಡ್ಡ ದೊಡ್ಡ ಕೆಲಸದವರು, ನನ್ನ ಎದುರು ನಿಂತು ಸೀಫು, ಇಲ್ಲಿ ಎಸೀಲಾ ಅಂತ ಕೇಳಿದ್ರು. ನೀನು ಒಂದಿನ ಕೇಳಿದೀಯಾ?"

ಕೇಳಿರಲಿಲ್ಲ. ಅದು ನಿಜ. ಆದರೆ ಆ ಹೊತ್ತಿಗೆ ನನಗೆ ಬೇಕಾಗಿದ್ದು ಬೇರೆ ನಿಜ. ಎಷ್ಟು ಉಳಿದಿವೆ ಎಂದು ಕೇಳಿದೆ.

ಅವನ ಮುಖ ಸ್ವಲ್ಪ ಬೆಳಗಿತು. ಕೋಲು ತೆಗೆದುಕೊಂಡು, ಚೆಂಡನ್ನು ಬೀಸಿ ಎಸೆದ. ಒಳ್ಳೆಯ ಎಸೆತ, ಮಡುವಿನ ಬಾಯಿಗೇ ಬಿತ್ತು. ಇಷ್ಟು ಚೆನ್ನಾಗಿ ಎಸೆಯುವುದನ್ನು ಯಾವಾಗ ಕಲಿತನೋ. ಕೋಲನ್ನು ನನ್ನ ಕೈಗೆ ಕೊಟ್ಟು, ಫೋನನ್ನು ನನ್ನ ಮುಂದೆ ಹಿಡಿದ. ನಾನು ತಲೆವಸ್ತ್ರ ಎಳೆದುಕೊಂಡು ನೋಡುತ್ತಾ ಸುತ್ತಿದೆ. ಮೂರು ಮೀಟರು, ಏಳು, ಒಂಬತ್ತೂವರೆ. ಕಂದು ಗೆರೆ ಬೋಳಾಗಿ ಹರಿಯಿತು. ಕೊನೆಯಲ್ಲಿ ಒಂದು ಕಮಾನು. ಅದರ ಹಿಂದೆ ಇನ್ನೊಂದು.

"ಎರಡು ಬಿಟ್ಟಿದೀನಿ," ಅಂದ. "ನಿನಗೊಂದು, ನನಗೊಂದು. ಅಬಾ ಕಟ್ಟಳೆ ಪ್ರಕಾರ."

ಅವನು ತಮಾಷೆಗೆ ಹೇಳಲಿಲ್ಲ. ನನ್ನ ಸೊಂಟದ ಚೀಲದಲ್ಲಿ ದಾರ ಕತ್ತರಿಸುವ ಚಾಕು ಯಾವಾಗಲೂ ಇರುತ್ತದೆ. ಅದನ್ನು ತೆಗೆದು ಕೋಲಿನ ತುದಿಯ ಬಳಿ ದಾರ ಕೊಯ್ದೆ.

"ಅದರಲ್ಲಿ ಅರ್ಧ ನನ್ನದು," ಅಂದ ಲಾನಿ.

"ಮಡುವಲ್ಲೂ ಅರ್ಧ ನನ್ನದಿತ್ತು," ಅಂದೆ.

ಚೆಂಡು ಒಂದು ಕ್ಷಣ ಸುತ್ತಿತು, ಆಮೇಲೆ ಹರಿವಿನ ಕಡೆ ಮುಖ ಮಾಡಿತು. ಕೆಂಪು ನೆತ್ತಿ ಮೇಲೆ ಕೆಳಗೆ ಆಡುತ್ತಾ ಹೋಯಿತು. ಅವನ ಕೈಯಲ್ಲಿದ್ದ ಫೋನಿನಲ್ಲಿ ಅಂಕಿ ಇಳಿಯುತ್ತಿತ್ತು. ಒಂಬತ್ತು, ಆರು, ನಾಲ್ಕು, ಎರಡು. ಇನ್ನೂ ಸ್ವಲ್ಪ ದೂರ ಎರಡರಲ್ಲೇ ಹೋಗಿ, ಸಂಪರ್ಕ ಇಲ್ಲ ಎಂದು ತೋರಿಸಿತು. ನಾನು ಸಂತೆಗೆ ವಾಪಸು ಹೋದೆ. ಸಂಜೆಯ ಪಾತ್ರೆಗಳಿದ್ದವು.

ಕಾಡು ಪಾತಿನ್ ಸಾಲಾಗಿ ಮಲಗಿಸಿದ ಚಿತ್ರ, ಒಟ್ಟು ಹದಿನೇಳು ಎಂಬ ಒಕ್ಕಣೆ ಸಹಿತ, ಆ ವಾರವೆಲ್ಲ ಊರಿನ ಫೋನುಗಳಲ್ಲಿ ಓಡಾಡಿತು. ಅಷ್ಟು ಸಣ್ಣ ಚಿತ್ರ ಅಬಾರ ಕಣ್ಣಿಗೆ ನಿಲುಕುವುದಿಲ್ಲ. ಕಾಫಿ ಅಂಗಡಿಯ ಹಳೆಯ ಗೆಳೆಯ ಒಬ್ಬರು ಬಂದು ಪಕ್ಕದಲ್ಲಿ ಕೂತು, ಮೀನಿನ ಗಾತ್ರ, ಬಣ್ಣ, ಹಿಂದೆ ಕಾಣುವ ದಡದ ಮಣ್ಣು ಎಲ್ಲವನ್ನೂ ವಿವರಿಸಿ ಹೋದರು. ಅಬಾ ಗುರುವಾರ ಇಡೀ ದಿನ ಜಗಲಿಗೆ ಬರಲಿಲ್ಲ.

ಶುಕ್ರವಾರ ನಮಾಜಿಗೆ ಅಬಾರನ್ನು ಎತ್ತಿಕೊಂಡು ಲಾರಿಯಲ್ಲಿ ಕೂರಿಸಿ ಕರೆದುಕೊಂಡು ಹೋಗುವುದು ಲಾನಿಯೇ. ಬಂದ ಮೇಲೆ ನಮ್ಮ ಮನೆಯಲ್ಲೇ ಊಟ. ಚಾಪೆಯ ಮೇಲೆ ಮೂವರೂ ಕೂತೆವು. ನಾನು ಅವತ್ತು ಮೀನು ಮಾಡಿರಲಿಲ್ಲ. ಬೆಂಡೆಕಾಯಿ, ಮೊಟ್ಟೆ, ಒಣ ಸೀಗಡಿಯ ಚಟ್ನಿ. ಅಬಾ ನಾಲ್ಕು ತುತ್ತು ತಿಂದು, ಕೈಯನ್ನು ತಟ್ಟೆಯ ಅಂಚಿನಲ್ಲಿ ನಿಲ್ಲಿಸಿದರು.

"ಲಾನಿ, ಬಾಯಲ್ಲಿ ಹೇಳಿದ್ಯಾ?"

"ಇಲ್ಲ ಅಬಾ."

"ಬೆರಳಲ್ಲಿ ತೋರ್ಸಿದ್ಯಾ?"

"ಇಲ್ಲ ಅಬಾ."

ಅವನ ದನಿ ನಡುಗಲಿಲ್ಲ. ಅಬಾ ಅವನ ಕಡೆ ಕಿವಿ ವಾಲಿಸಿ ಕೇಳಿದರು, ಮಡುವಿನ ತಳ ಕೇಳುತ್ತಿದ್ದ ಹಾಗೆ. ಕೆಸರಿಲ್ಲ, ಮರಳಿಲ್ಲ, ಗಟ್ಟಿಯಾಗಿ ತಟ್ಟಿತು. ಅವರ ಹೆಗಲು ಸಡಿಲವಾಯಿತು. ನನಗೂ ಒಂದು ಕ್ಷಣ, ಇಷ್ಟರಲ್ಲೇ ಮುಗಿದುಹೋಗಲಿ ಅನಿಸಿತು.

ಎಷ್ಟು ತಾಯಂದಿರು ಉಳಿದಿದ್ದಾರೆ ಎಂದು ನನ್ನ ಕಡೆ ತಿರುಗಿ ಕೇಳಿದರು. ಎರಡು ಅಂದೆ.

ಅಬಾ ಬಾಯಲ್ಲಿದ್ದ ಅನ್ನ ಅಗಿಯುವುದನ್ನು ನಿಲ್ಲಿಸಿದರು. ಆಮೇಲೆ, "ಗೊತ್ತಿದ್ದೋರು ಇಬ್ರು. ಅವನು ಹೇಳಿಲ್ಲ," ಅಂದರು.

ನಾನು ಲಾನಿಯನ್ನು ನೋಡಿದೆ. ಅವನು ಬೆಂಡೆಕಾಯಿಯನ್ನು ಅನ್ನದಿಂದ ಬೇರೆ ಮಾಡುತ್ತಿದ್ದ. ಚಿಕ್ಕವನಿದ್ದಾಗಿನಿಂದಲೂ ಅವನಿಗೆ ಬೆಂಡೆಕಾಯಿ ಆಗದು. ಒಂದೊಂದೇ ಹೋಳನ್ನು ತಟ್ಟೆಯ ಅಂಚಿಗೆ ಸಾಲಾಗಿ ಇಡುತ್ತಿದ್ದ. ತಲೆ ಎತ್ತಲಿಲ್ಲ.

ನಾನೂ ಹೇಳಿಲ್ಲ ಅಬಾ ಅಂದೆ. ಹಾಗಾದರೆ ನದಿಯೇ ಹೇಳಿತೋ ಎಂದು ಅವರು ಕೇಳಿದರು. ಕೋಪದ ದನಿಯಲ್ಲ, ನಿಜವಾಗಿಯೂ ತಿಳಿಯಬೇಕೆಂದಿದ್ದವರ ದನಿ. ಚೆಂಡು ಎಂದು ಹೇಳಬಹುದಿತ್ತು. ಚೆಂಡನ್ನು ಮಡುವಿಗೆ ಕರೆದುಕೊಂಡು ಹೋದವರು ಯಾರು ಎಂದು ಕೇಳುತ್ತಿದ್ದರು. ಅದಕ್ಕೆ ಮರೆವಿಲ್ಲ ಎಂದು ಗೊತ್ತಿದ್ದೂ ಎಸೆದವಳು ನಾನೇ. ಅಲ್ಲದೆ ಮುಂದಿನ ಶುಕ್ರವಾರ ಅವರನ್ನು ಎತ್ತಿ ಲಾರಿಯಲ್ಲಿ ಕೂರಿಸಬೇಕಾದವನು ಲಾನಿ. ನನ್ನ ತೋಳಿಗೆ ಅವರು ಭಾರ. ಲಾನಿಯೇ ಹೇಳಲಿ ಎಂದು ಕಾದೆ. ಅವನು ಕೊನೆಯ ಹೋಳನ್ನು ಸಾಲಿಗೆ ಸೇರಿಸಿ, ಅನ್ನ ಕಲಸಿಕೊಂಡು ತಿಂದ.

"ಸೀಸ ತಾ," ಅಂದರು ಅಬಾ.

ಒಳಗೆ ಹೋಗಿ ಗೋಡೆಯ ಮೊಳೆಯಿಂದ ಅದನ್ನು ತೆಗೆದುಕೊಂಡು ಬಂದೆ. ಗಂಟುಗಳ ದಾರವನ್ನು ಗುಂಡಿಗೆ ಸುತ್ತಿ ಅವರ ಬಲ ಅಂಗೈಯಲ್ಲಿಟ್ಟೆ. ಅವರು ಅದನ್ನು ತೂಗಿದಂತೆ ಮಾಡಿ, ಚಾಪೆಯ ಮೇಲೆ, ತಮಗೂ ಲಾನಿಗೂ ನಡುವೆ ಇಟ್ಟರು. ಲಾನಿ ಅದರ ಕಡೆ ಕೈ ಚಾಚಲೂ ಇಲ್ಲ, ಬೇಡ ಎನ್ನಲೂ ಇಲ್ಲ. ನಾನು ತಟ್ಟೆಗಳನ್ನು ಎತ್ತಿಕೊಂಡು ಹೋಗಿ ತೊಳೆದೆ.

ಅಬಾಗೆ ಕೊಟ್ಟ ಮಾತನ್ನು ನನ್ನ ತಮ್ಮ ಮುರಿದ. ನಾನು ಉಳಿಸಿಕೊಂಡೆ.